ಕಡವಿನಲ್ಲಿ ಇಳಿದ ಅತ್ತೆ

ನಮ್ಮ ಕಡೆಯ ಬಸ್ಸು ಹತ್ತುವಾಗ ನಾನು ದೇವರ ಹೆಸರು ಹೇಳುತ್ತೇನೆ, ಇಳಿಯುವಾಗ ಡ್ರೈವರನಿಗೆ ಬೈಯುತ್ತೇನೆ. ಎರಡೂ ಬಾಯೊಳಗೇ. ಬ್ರಹ್ಮಾವರದ ಮನೆಯಿಂದ ಕುಂದಾಪುರದ ಕಚೇರಿಗೆ ಇಷ್ಟು ವರ್ಷ ಓಡಾಡಿದರೂ ಈ ಅಭ್ಯಾಸ ಬಿಟ್ಟಿಲ್ಲ. ಬಿಡುವುದಾದರೂ ಹೇಗೆ? ಹಿಂದಿನ ಬಸ್ಸಿನವ ಮುಂದೆ ಹೋದರೆ ತೆಕ್ಕಟ್ಟೆಯ ಜನ ಅವನ ಪಾಲು, ಕೋಟೇಶ್ವರದ ಜನವೂ ಅವನ ಪಾಲು. ಅದಕ್ಕೇ ಇವನಿಗೆ ಅವಸರ. ಕಂಡಕ್ಟರ್ ಬಾಗಿಲಲ್ಲಿ ಅರ್ಧ ಹೊರಗೆ ನೇತಾಡುತ್ತ ‘ರೈಟ್ ಪೋಯಿ’ ಎಂದರೆ ಮುಗಿಯಿತು, ಇನ್ನೂ ಒಂದು ಕಾಲು ನೆಲದ ಮೇಲಿದ್ದವರನ್ನೂ ಎಳೆದುಕೊಂಡು ಬಸ್ಸು ಹೊರಟಿತು. ಸೇತುವೆ ಬಂದರೆ ನನ್ನ ಎರಡೂ ಪಾದಗಳು ತಾವಾಗಿಯೇ ಬಸ್ಸಿನ ನೆಲವನ್ನು ಒತ್ತುತ್ತವೆ, ಬ್ರೇಕು ಅಲ್ಲೇ ಇದ್ದ ಹಾಗೆ. ಕೆಳಗೆ ನೀರು, ಪಕ್ಕದಲ್ಲಿ ಮೊಣಕಾಲೆತ್ತರದ ಕಟ್ಟೆ. ಹೆದರದವರಿಗೆ ನನ್ನ ನಮಸ್ಕಾರ.

ಮನೆಯಲ್ಲಿ ನನ್ನ ಈ ಹೆದರಿಕೆ ಎಲ್ಲರಿಗೂ ತಮಾಷೆ. ಹೆಚ್ಚು ನಗುತ್ತಿದ್ದವರು ನನ್ನ ಅತ್ತೆ. ಅವರಿಗೆ ಈಗಿನ ಬಸ್ಸುಗಳೆಂದರೆ ಬಹಳ ಪ್ರೀತಿ. ಕಿಟಕಿಯ ಪಕ್ಕ ಕೂತು, ಗಾಳಿಗೆ ಮುಖ ಕೊಟ್ಟು, ಇನ್ನಷ್ಟು ಜೋರು ಬಿಡಲಿ ಎನ್ನುವ ಹಾಗೆ ಮುಂದಕ್ಕೆ ವಾಲುತ್ತಿದ್ದರು. ಅವರ ತವರು ಬೈಂದೂರು. ಅಲ್ಲಿಂದ ಬ್ರಹ್ಮಾವರಕ್ಕೆ ಈಗ ಬೆಳಗಿನ ತಿಂಡಿ ತಿಂದು ಹೊರಟವರು ಮಧ್ಯಾಹ್ನದ ಗಂಜಿಗೆ ಮುಂಚೆ ತಲುಪಿ, ಒಂದು ನಿದ್ದೆಯನ್ನೂ ಮುಗಿಸಬಹುದು. ಅವರ ಕಾಲದಲ್ಲಿ ಅದು ಇಡೀ ದಿನದ ಕೆಲಸ.

ಆ ಕತೆಯನ್ನು ಅವರಿಂದ ಎಷ್ಟು ಸಲ ಕೇಳಿದ್ದೇನೋ. ಚಿಕ್ಕವರಿದ್ದಾಗ ಕಂಡ ಬಸ್ಸಿಗೆ ಪೆಟ್ರೋಲು ಇರಲಿಲ್ಲವಂತೆ. ಯುದ್ಧದ ಕಾಲ. ಬಸ್ಸಿನ ಹಿಂದೆ ಒಂದು ದೊಡ್ಡ ಡ್ರಮ್ಮು, ಅದರೊಳಗೆ ಇದ್ದಿಲು ಉರಿಸಿ, ಕೈಯಿಂದ ಗಾಳಿಯ ಚಕ್ರ ತಿರುಗಿಸಿ, ಆ ಹೊಗೆಯಲ್ಲೇ ಬಸ್ಸು ಹೊರಡಬೇಕು. ಏರು ಬಂದರೆ ಗಂಡಸರು ಇಳಿದು ನೂಕುವುದು. ಇಳಿದವರ ಬಿಳಿ ಪಂಚೆ ತಿರುಗಿ ಹತ್ತುವಾಗ ಕರಿ. ಯುದ್ಧ ಮುಗಿದು ಸರಿಯಾದ ಬಸ್ಸು ಬಂದ ಮೇಲೂ ಅದು ಹೊಳೆಯವರೆಗೆ ಮಾತ್ರ. ಸೇತುವೆಗಳಿರಲಿಲ್ಲವಲ್ಲ. ಹೊಳೆ ದಾಟುವ ಜಾಗಕ್ಕೆ ನಮ್ಮಲ್ಲಿ ಕಡವು ಎನ್ನುತ್ತಾರೆ, ಬಾಯಿಮಾತಿನಲ್ಲಿ ಕಡು. ಬಸ್ಸು ಕಡವಿನ ದಡಕ್ಕೆ ಬಂದು ನಿಂತರೆ ಎಲ್ಲರೂ ಇಳಿಯಬೇಕು. ಹಾಸಿಗೆ, ಹಲಸಿನ ಹಣ್ಣು, ಕಾಲು ಕಟ್ಟಿದ ಕೋಳಿ, ಮಕ್ಕಳು, ಎಲ್ಲ ದೋಣಿಗೆ. ಅಂಬಿಗ ಬಿದಿರ ಗಳ ಊರಿ ಆಚೆ ದಡ ಮುಟ್ಟಿಸಿದರೆ ಅಲ್ಲಿ ಇನ್ನೊಂದು ಬಸ್ಸು ಕಾಯುತ್ತ ನಿಂತಿರುತ್ತದೆ. ಬೈಂದೂರಿನಿಂದ ಬರುವಾಗ ಅರಾಟೆಯಲ್ಲಿ ಒಂದು ಹೊಳೆ, ಕುಂದಾಪುರದ ಹತ್ತಿರ ಒಂದು, ಮಾಬುಕಳದಲ್ಲಿ ಒಂದು. ಹೀಗೆ ನಾಲ್ಕು ಬಸ್ಸು, ಮೂರು ದೋಣಿ. ಆಮೇಲೆ ಸೇತುವೆಗಳಾದವು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ಹೇಳಿ ಅತ್ತೆ ಕತೆ ಮುಗಿಸುತ್ತಿದ್ದರು. ಕೇಳಿದವರೆಲ್ಲ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ನಮ್ಮ ಕಡೆ ಇನ್ನೊಂದು ಪದ್ಧತಿ ಇದೆ. ಯಾರನ್ನಾದರೂ, ಏನನ್ನಾದರೂ ಕಂಡಕ್ಟರನ ಕೈಗೆ ಕೊಟ್ಟು ಕಳಿಸುವುದು. ಮೀನಿನ ಚೀಲ, ಆಸ್ಪತ್ರೆಯ ಮಾತ್ರೆ, ದೇವಸ್ಥಾನದ ಪ್ರಸಾದ, ಮರೆತು ಬಿಟ್ಟ ಕೊಡೆ. ಹಾಗೆಯೇ ಶಾಲೆ ರಜೆಯ ಮಕ್ಕಳು ಮತ್ತು ವಯಸ್ಸಾದವರು. ಬಸ್ಸಿಗೆ ಹತ್ತಿಸಿ, ಇಂಥಲ್ಲಿ ಇಳಿಸಿಬಿಡಿ, ಅಲ್ಲಿ ಇಂಥವರು ಬಂದಿರುತ್ತಾರೆ ಎಂದರೆ ಸಾಕು. ಕಂಡಕ್ಟರ್ ತಲೆಯಾಡಿಸುತ್ತಾನೆ. ಆ ತಲೆಯಾಡಿಸುವಿಕೆಯ ಮೇಲೆ ನಮ್ಮ ಊರಿನ ಎಷ್ಟೋ ಸಂಸಾರಗಳು ನಡೆದಿವೆ. ಹಾಗೆ ಕಳಿಸಿದ್ದು ತಲುಪಲಿಲ್ಲ ಎಂದು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಅದು ಹೊಸ್ತಿನ ಸಮಯ. ಹೊಸ ಭತ್ತದ ಕದಿರು ತಂದು ಮನೆಯ ಬಾಗಿಲಿಗೆ ಕಟ್ಟಿ, ಹೊಸ ಅಕ್ಕಿ ಉಣ್ಣುವ ಹಬ್ಬ. ತವರಿನಿಂದ ಅತ್ತೆಯ ತಮ್ಮನ ಮಗ ಕರೆದಿದ್ದ. ಅತ್ತೆ ಹೋಗಿಯೇ ಹೋಗುತ್ತೇನೆ ಎಂದರು. ವಯಸ್ಸು ಎಂಬತ್ತು ದಾಟಿದೆ, ಕಾಲು ಗಟ್ಟಿ ಇದೆ, ಆದರೆ ಕೆಲವು ತಿಂಗಳಿಂದ ಮಾತು ನಡುವೆ ಎಲ್ಲಿಗೋ ಜಾರುತ್ತಿತ್ತು. ಒಲೆಯ ಮುಂದೆ ನಿಂತು, ಏನು ಮಾಡಲು ಬಂದೆ ಎಂದು ಕೇಳುತ್ತಿದ್ದರು. ವಯಸ್ಸಾದ ಮೇಲೆ ಯಾರಿಗಿಲ್ಲ ಎಂದರು ನನ್ನ ಗಂಡ. ನಾನು ಬೇಡ ಎಂದೆ. ಭಾನುವಾರ ಎಲ್ಲರೂ ಸೇರಿ ಹೋಗೋಣ ಎಂದೆ. ಹೊಸ್ತು ನಿನ್ನ ಭಾನುವಾರಕ್ಕೆ ಕಾಯುತ್ತದೆಯೇ ಎಂದು ಅತ್ತೆ ರೇಗಿದರು. ಗಂಡನಿಗೆ ಅಂಗಡಿ ಬಿಡಲಾಗದು, ನನಗೆ ಕಚೇರಿಯಲ್ಲಿ ರಜೆ ಇಲ್ಲ. ಕೊನೆಗೆ ಆದ ತೀರ್ಮಾನ ಇಷ್ಟು: ಕುಂದಾಪುರದವರೆಗೆ ನಾನು ಅವರ ಜೊತೆಗೆ ಒಂದೇ ಬಸ್ಸಿನಲ್ಲಿ, ಅಲ್ಲಿಂದ ಮುಂದೆ ಕಂಡಕ್ಟರ್, ಬೈಂದೂರಿನಲ್ಲಿ ತಮ್ಮನ ಮಗ. ಈ ಮನೆಯಲ್ಲಿ ನನ್ನ ಹೆದರಿಕೆಗೆ ಮೂರು ಕಾಸಿನ ಬೆಲೆ ಇಲ್ಲ.

ಬೆಳಗಿನ ಬಸ್ಸಿನಲ್ಲಿ ಸೀಟು ಸಿಕ್ಕಿತು. ಅತ್ತೆ ಕಿಟಕಿಯ ಪಕ್ಕ, ಮಡಿಲಲ್ಲಿ ಬಟ್ಟೆಯ ಚೀಲ. ಮಾಬುಕಳದ ಸೇತುವೆ ಹತ್ತಿರವಾದಾಗ ಅವರು ಚೀಲವನ್ನು ತೋಳಿಗೆ ಹಾಕಿಕೊಂಡು, ಮುಂದಿನ ಸೀಟಿನ ಕಂಬಿ ಹಿಡಿದು, “ಕಡು ಬಂತಾ?” ಎಂದು ಕೇಳಿದರು. ಸೇತುವೆ ಬಂತು ಅತ್ತೆ ಎಂದೆ. “ನಂಗೊತ್ತಿತ್ತ್ ಮರಾಯ್ತಿ,” ಎಂದು ಮುಖ ಸಿಂಡರಿಸಿ ಕಿಟಕಿಯ ಕಡೆ ತಿರುಗಿದರು.

ಕುಂದಾಪುರದಲ್ಲಿ ನಾನು ಇಳಿದೆ. ಕಂಡಕ್ಟರ್ ನನಗೆ ಮುಖ ಪರಿಚಯವಿದ್ದವನೇ, ತಲೆ ನರೆತ ಸಮಾಧಾನಿ. ಬೈಂದೂರಿನಲ್ಲಿ ಬಸ್ಸಿನ ಬಾಗಿಲವರೆಗೆ ಕೈಹಿಡಿದು ಕರೆತಂದು ಇಳಿಸಿ ಎಂದೆ. ನನ್ನ ಫೋನ್ ನಂಬರು ಅವನ ಫೋನಿಗೆ ಹಾಕಿಸಿದೆ. ಅವನು ತಲೆಯಾಡಿಸಿದ. ಬಸ್ಸು ಸ್ಟ್ಯಾಂಡು ಬಿಡುವಾಗ ಅತ್ತೆ ಕಿಟಕಿಯಿಂದ ಕೈ ಬೀಸಿದರು. ಅವರ ಮುಖದಲ್ಲಿ ಇಷ್ಟೂ ಹೆದರಿಕೆ ಇರಲಿಲ್ಲ.

ಕಚೇರಿಯಲ್ಲಿ ಕೂತು ಇನ್ನೂ ಬೆವರು ಆರಿರಲಿಲ್ಲ, ಫೋನ್ ಬಂತು. ಹೊಸ ನಂಬರು. ಅತ್ತ ಕಡೆ ಬಸ್ಸಿನ ಸದ್ದು, ಗಾಳಿಯ ಸದ್ದು.

“ಅಮ್ಮ ಬಸ್ಸಂಗಿಲ್ಲೆ,” ಎಂದ ಕಂಡಕ್ಟರ್.

ಬಸ್ಸು ಆಗ ಮರವಂತೆಯಲ್ಲಿತ್ತು. ನಡೆದದ್ದನ್ನು ಅವನು ತಡವರಿಸುತ್ತ ಹೇಳಿದ. ಹೆಮ್ಮಾಡಿ ದಾಟಿ ಅರಾಟೆ ಸೇತುವೆಯ ಹತ್ತಿರ ಒಂದು ಲಾರಿ ಕೆಟ್ಟು ನಿಂತಿತ್ತಂತೆ. ವಾಹನಗಳ ಸಾಲು. ಬಸ್ಸು ಸೇತುವೆಗೆ ಸ್ವಲ್ಪ ಈಚೆಗೆ, ಹೊಳೆ ಕಾಣುವಲ್ಲಿ, ತುಂಬ ಹೊತ್ತು ನಿಂತಿತು. ಸೆಕೆಗೆ ಕೆಲವರು ಕೆಳಗಿಳಿದರು. “ಹೊಳಿ ಬಂತಾ ಕೇಂಡ್ರ್. ಬಂತಮ್ಮ, ಬಸ್ ಹೋಪುಕೆ ತಡ ಇತ್ತ್ ಅಂದೆ,” ಎಂದ. ದಾರಿ ಬಿಟ್ಟಾಗ ಎಲ್ಲರನ್ನೂ ಕರೆದು ಹತ್ತಿಸಿದನಂತೆ. ಜನ ನಿಂತಿದ್ದ ಬಸ್ಸು, ಅತ್ತೆಯ ಸೀಟಿನಲ್ಲಿ ಬೇರೆ ಹೆಂಗಸು ಕೂತಿದ್ದಳು. ತ್ರಾಸಿಯಲ್ಲಿ ಜನ ಇಳಿದ ಮೇಲೆ ನೋಡಿದರೆ ಅತ್ತೆ ಇಲ್ಲ, ಚೀಲವೂ ಇಲ್ಲ.

ಕಂಡಕ್ಟರನಿಗೆ ಬೈಯಲು ಬಾಯಿ ತೆರೆದೆ. ಬೈಗುಳ ಬರಲಿಲ್ಲ. ಅವನು ಹೇಳಿದ ಮಾತಿನಲ್ಲಿ ಸುಳ್ಳೇನಿತ್ತು? ಹೊಳೆ ಬಂದದ್ದು ಹೌದು, ತಡ ಇದ್ದದ್ದೂ ಹೌದು. ಹೊಳೆಯ ದಡದಲ್ಲಿ ಬಸ್ಸು ನಿಂತರೆ ಏನು ಮಾಡಬೇಕೆಂದು ಅತ್ತೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಳಿಯಬೇಕು, ಕೆಳಗೆ ಹೋಗಬೇಕು, ದೋಣಿ ಹತ್ತಬೇಕು. ಬಸ್ಸು ಬಿಟ್ಟು ಹೋದರೂ ಅವರು ತಿರುಗಿ ನೋಡುವವರಲ್ಲ, ಆ ಬಸ್ಸಿನ ಕೆಲಸ ಅಲ್ಲಿಗೇ ಮುಗಿಯಿತಲ್ಲ.

ಗಂಡನಿಗೆ ಫೋನ್ ಮಾಡಿ ಅರಾಟೆಗೆ ಬನ್ನಿ ಎಂದಷ್ಟೇ ಹೇಳಿ ರಿಕ್ಷಾ ಹತ್ತಿದೆ. ಜನ್ಮದಲ್ಲಿ ಮೊದಲ ಸಲ ಡ್ರೈವರನಿಗೆ ಜೋರು ಬಿಡಿ ಎಂದೆ. ಅವನು ಬಿಟ್ಟ. ಲಾರಿಗಳ ನಡುವೆ ನುಗ್ಗಿದಾಗ ಹೆದರುವುದಕ್ಕೆ ನನ್ನಲ್ಲಿ ಜಾಗವೇ ಇರಲಿಲ್ಲ. ಮಳೆಗಾಲದ ಕೊನೆ, ಹೊಳೆ ತುಂಬಿ ಕೆಂಪಗಿತ್ತು. ಅದರ ಮೇಲೆ ಉಬ್ಬರದ ಹೊತ್ತು ಬೇರೆ, ಸಮುದ್ರದ ನೀರು ಒಳಕ್ಕೆ ನುಗ್ಗುವ ಸಮಯ. ಅತ್ತೆಗೆ ಈಜು ಬರುವುದಿಲ್ಲ. ಕಡವು ಇದ್ದ ಜಾಗದಲ್ಲಿ ಈಗ ಕಡವಿಲ್ಲ, ದೋಣಿ ಇಲ್ಲ, ಅಂಬಿಗನಿಲ್ಲ. ಇಲ್ಲದ ದೋಣಿಗೆ ಕಾಲಿಟ್ಟರೆ ಏನಾಗುತ್ತದೆ? ಬೇಡವೆಂದರೂ ಮನಸ್ಸು ಅದನ್ನೇ ಮತ್ತೆ ಮತ್ತೆ ತೋರಿಸುತ್ತಿತ್ತು. ಕೊಲ್ಲೂರಿನ ಅಮ್ಮನಿಗೆ ಹರಕೆ ಹೇಳಿಕೊಂಡೆ. ಏನು ಹರಕೆ ಹೇಳಿಕೊಂಡೆನೋ ಈಗ ನೆನಪಿಲ್ಲ.

ಸೇತುವೆಯ ಈಚೆ ಬದಿಯಲ್ಲಿ ಇಳಿದು ನೋಡಿದೆ. ಹೆದ್ದಾರಿ ಎತ್ತರಕ್ಕೇರಿದೆ, ಹಳೆಯ ರಸ್ತೆಯ ಒಂದು ತುಂಡು ಮಾತ್ರ ಪಕ್ಕದಲ್ಲಿ ಜಾರಿ ನೀರಿನ ಕಡೆ ಹೋಗುತ್ತದೆ. ಎರಡೂ ಕಡೆ ಕೇದಗೆಯ ಪೊದೆ. ಬಸ್ಸಿನಲ್ಲಿ ದಿನಾ ಹೋಗುವವರಿಗೆ ಅಂಥದೊಂದು ದಾರಿ ಇರುವುದೇ ಗೊತ್ತಿಲ್ಲ. ಅತ್ತೆಗೆ ಗೊತ್ತಿತ್ತು. ಅವರನ್ನು ಕರೆಯುತ್ತ ಓಡಿದೆ, ಸೀರೆ ಮುಳ್ಳಿಗೆ ಸಿಕ್ಕಿ ಹರಿಯಿತು. ದಾರಿ ಮುಗಿದಲ್ಲಿ ಪಾಚಿ ಹಿಡಿದ ಕಲ್ಲಿನ ಮೆಟ್ಟಿಲು, ಕೆಳಗಿನವು ನೀರಿನೊಳಗೆ.

ನೀರಿಗೆ ತಾಗಿದ ಮೆಟ್ಟಿಲ ಮೇಲೆ ಅತ್ತೆಯ ಚಪ್ಪಲಿಗಳಿದ್ದವು. ಜೋಡಿಸಿ ಇಟ್ಟಿದ್ದರು, ಹೊಳೆಯ ಕಡೆಗೆ ಮುಖ ಮಾಡಿ.

ನಾನು ಅಲ್ಲೇ ಕೂತೆ. ಕೂಗಿದೆನೋ ಇಲ್ಲವೋ ತಿಳಿಯದು. ಮೇಲೆ ಸೇತುವೆಯಲ್ಲಿ ಒಂದರ ಹಿಂದೆ ಒಂದು ಬಸ್ಸು, ಹಾರನ್ನು ಹೊಡೆಯುತ್ತ ಹೋಗುತ್ತಿದ್ದವು. ನೀರು ಚಪ್ಪಲಿಯನ್ನು ಮುಟ್ಟಿ ಹಿಂದೆ ಹೋಗುತ್ತಿತ್ತು, ಸ್ವಲ್ಪ ಸ್ವಲ್ಪವೇ ಮೇಲೆ ಬರುತ್ತಿತ್ತು. ಆ ಚಪ್ಪಲಿಗಳನ್ನು ಎತ್ತಿ ಎದೆಗೆ ಒತ್ತಿಕೊಂಡೆ, ಒದ್ದೆ ಮಣ್ಣೆಲ್ಲ ಸೀರೆಗೆ ಮೆತ್ತಿತು.

ಆಗ ಸೇತುವೆಯ ಕಂಬದ ಮರೆಯಿಂದ ಒಂದು ಸಣ್ಣ ದೋಣಿ ಬಂತು. ಬಲೆ ಬಿಡುವ ಒಬ್ಬ ಮುದುಕ, ಮೈಮೇಲೆ ಬರಿಯ ಪಂಚೆ. ನನ್ನ ಕೈಯಲ್ಲಿದ್ದ ಚಪ್ಪಲಿ ನೋಡಿ ದೂರದಿಂದಲೇ ಗೊತ್ತು ಮಾಡಿಕೊಂಡ. ಅಜ್ಜಿ ಆಚೆ ದಡದಲ್ಲಿದ್ದಾರೆ, ನಾನೇ ಬಿಟ್ಟೆ ಎಂದ. ಮೆಟ್ಟಿಲ ಮೇಲೆ ನಿಂತು ಹ್ವಾಯ್ ಎಂದು ಕರೆದರಂತೆ, ಹಿಂದಿನವರು ಅಂಬಿಗನನ್ನು ಕರೆಯುತ್ತಿದ್ದ ಹಾಗೆ. ಮೇಲೆ ಸೇತುವೆ ಇದ್ದರೂ ಹೀಗೆ ಕರೆಯುತ್ತಾರಲ್ಲ ಎಂದು ಅವನಿಗೆ ಆಶ್ಚರ್ಯವಾದದ್ದು ಹೌದಂತೆ. ಆದರೂ ದೋಣಿ ತಂದ. ನನಗೆ ಅಳುವೂ ಬಂತು, ಸಿಟ್ಟೂ ಬಂತು. ಎಂಬತ್ತರ ಹೆಂಗಸು ಕರೆದರೆ ಎಲ್ಲಿಗೆ, ಯಾರ ಮನೆ ಎಂದು ಕೇಳುವುದಿಲ್ಲವೇ ಎಂದು ಗದರಿದೆ.

“ಕಡು ಹತ್ರ ನಿಂತ್ ಕೂಗ್ರೆ ದಾಟ್ಸ್ದೆ ಇಪ್ಪುಕಾತ್ತಾ?” ಎಂದು ಅವನು ನನಗೇ ಗದರಿದ. ಅವನ ಅಪ್ಪ ಅದೇ ಕಡವಿನ ಅಂಬಿಗನಾಗಿದ್ದನಂತೆ. ಕರೆದವರನ್ನು ದಡದಲ್ಲಿ ಬಿಡಬಾರದು ಎಂಬುದೊಂದೇ ಅವನಿಗೆ ಗೊತ್ತಿದ್ದ ಕಾನೂನು.

ಮೇಲೆ ಹತ್ತಿ ಸೇತುವೆಯಲ್ಲಿ ನಡೆದು ಹೋಗಬಹುದಿತ್ತು. ಅಷ್ಟು ತಾಳ್ಮೆ ಇರಲಿಲ್ಲ. ದಾರಿಯಲ್ಲಿದ್ದ ಗಂಡನಿಗೆ ಸೇತುವೆ ದಾಟಿ ಆಚೆ ದಡಕ್ಕೆ ಬನ್ನಿ ಎಂದು ಫೋನ್ ಮಾಡಿ ದೋಣಿ ಹತ್ತಿದೆ. ಅದು ಓಲಾಡಿದಾಗ ಎರಡು ಕೈಯಲ್ಲೂ ಅಂಚು ಹಿಡಿದು, ಕಣ್ಣು ಮುಚ್ಚಿ ಕೂತೆ. ನೀರಿನ ಸೆಳೆತ ಹಲಗೆಯ ಕೆಳಗೆ ತಿಳಿಯುತ್ತಿತ್ತು. ಇದೇ ನೀರಿನ ಮೇಲೆ ಇಡೀ ಬಸ್ಸಿನ ಜನ ಮಕ್ಕಳನ್ನು ಕಟ್ಟಿಕೊಂಡು ದಾಟುತ್ತಿದ್ದರಲ್ಲ, ಅದನ್ನು ಅತ್ತೆ ನಗುತ್ತ ಹೇಳುತ್ತಿದ್ದರಲ್ಲ ಎಂದು ಮೊದಲ ಸಲ ಅನ್ನಿಸಿತು.

ಆಚೆ ದಡದಲ್ಲಿ ಒಂದು ಗೋಳಿಮರ. ಅದರ ಬೇರಿನ ಮೇಲೆ ಅತ್ತೆ ಕೂತಿದ್ದರು. ಬರಿಗಾಲು, ಮಡಿಲಲ್ಲಿ ಚೀಲ, ತಲೆಯ ಮೇಲೆ ಸೆರಗು. ಮನೆಯಲ್ಲಿ ಅವರು ಎಂದೂ ಸೆರಗು ಹೊದೆಯುವವರಲ್ಲ. ನಾನು ಅತ್ತೆ ಎಂದು ಕರೆದು, ಹತ್ತಿರ ಹೋಗಿ ಅವರ ಕೈ ಹಿಡಿದೆ. ಅವರು ನನ್ನ ಮುಖ ನೋಡಿದರು. ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತ ಅಪರಿಚಿತ ಹೆಂಗಸನ್ನು ನೋಡುವ ಹಾಗೆ ನೋಡಿ, ಸರಿದು ಜಾಗ ಮಾಡಿಕೊಟ್ಟರು.

“ಕೂಕಣಿ,” ಎಂದರು. “ನೀವ್ ಯಾವ್ ಬದಿಗ್ ಹೋಪುದ್?”

ಇಪ್ಪತ್ತೇಳು ವರ್ಷ ಒಂದೇ ಅಡುಗೆಮನೆಯಲ್ಲಿ ಕಾದಾಡಿದವರು, ನನ್ನನ್ನು ಎಂದೂ ನೀವು ಎಂದವರಲ್ಲ. ನಾನು ನಿಮ್ಮ ಸೊಸೆ ಎಂದೆ. ಅವರು ಗಾಬರಿಯಾಗಿ ಕೈ ಬಿಡಿಸಿಕೊಂಡರು. ಆಗ ನನಗೆ ಆದ ಹೆದರಿಕೆಯ ಮುಂದೆ ಮೆಟ್ಟಿಲ ಮೇಲಿನ ಹೆದರಿಕೆ ಏನೂ ಅಲ್ಲ. ಅಲ್ಲಿ ಹೊಳೆ ಅವರನ್ನು ಕೊಂಡುಹೋಗಿದೆ ಎಂದುಕೊಂಡಿದ್ದೆ. ಇಲ್ಲಿ ಅವರು ನನ್ನ ಎದುರಿಗೇ ಇದ್ದರು.

ಮತ್ತೆ ಸೊಸೆ ಎನ್ನಲಿಲ್ಲ. ಪಕ್ಕದಲ್ಲಿ ಕೂತೆ, ಬ್ರಹ್ಮಾವರಕ್ಕೆ ಹೋಗುವವಳು ಎಂದೆ. ಅದರಿಂದ ಅವರಿಗೆ ಸ್ವಲ್ಪ ಸಮಾಧಾನವಾಯಿತು. ತಾವೂ ಅಲ್ಲಿಗೇ ಎಂದರು. ಬೈಂದೂರಿಗೆ ಹೊರಟವರು ಇಲ್ಲಿ ಕೂತು, ಬಾರದ ಬಸ್ಸು ಕಾದು ಕಾದು, ಎಲ್ಲೋ ಹಿಂದೆ ತಿರುಗಿಬಿಟ್ಟಿದ್ದರು. ಇದು ಅವರು ಮದುವೆಯಾಗಿ ಬ್ರಹ್ಮಾವರಕ್ಕೆ ಹೊರಟಾಗ ದೋಣಿಗೆ ಕಾದ ದಡ ಎಂದು ನನಗೆ ಅವರ ಮಾತಿನಿಂದ ತಿಳಿಯಿತು. ಅವರು ಮೆಲ್ಲಗೆ, ಯಾರಾದರೂ ಕೇಳಿಸಿಕೊಂಡಾರು ಎಂಬ ಹಾಗೆ, ಹೇಳುತ್ತ ಹೋದರು. ಗಂಡಸರೆಲ್ಲ ಮೊದಲ ದೋಣಿಯಲ್ಲಿ ದಾಟಿ ಹೋಗಿದ್ದಾರೆ, ಆಚೆಯ ಬಸ್ಸಿನಲ್ಲಿ ಹೆಗಲ ಬೈರಾಸು ಹಾಕಿ ಸೀಟು ಹಿಡಿಯಬೇಕಲ್ಲ. ಮದುಮಗನೂ ಅವರ ಜೊತೆಗೇ ಹೋಗಿದ್ದಾನೆ. ಹೆಂಗಸರು ಎರಡನೆಯ ದೋಣಿಗೆ. ಗಾಳಿಗೆ ದೋಣಿ ತಿರುಗಿ ಬರುವುದು ತಡವಾಗಿದೆ. ಸಂಗಡ ಬಂದ ಹೆಂಗಸರು ನಗಾಡುತ್ತಿದ್ದಾರೆ.

ಈ ಕತೆಯನ್ನು ನಾನು ಕೇಳಿರಲಿಲ್ಲ. ಹಲಸಿನ ಹಣ್ಣು, ಕೋಳಿ, ಕರಿಯಾದ ಪಂಚೆ, ಎಲ್ಲ ಹೇಳಿದವರು ಇದನ್ನು ಯಾರಿಗೂ ಹೇಳಿರಲಿಲ್ಲ. ಹೆದರಿಕೆ ಆಗುತ್ತಿದೆಯೇ ಎಂದು ಕೇಳಿದೆ. ಅವರು ಹೊಳೆಯನ್ನೇ ನೋಡುತ್ತಿದ್ದರು. ನೀರಿಗೆ ಹೆದರಿಕೆ ಇಲ್ಲ ಎಂದರು.

“ನಾನ್ ಅವ್ರ್ ಮೋರಿ ಸಮಾ ಕಾಣ್ಲಿಲ್ಲೆ. ಧಾರೆ ಹೊತ್ತಿಗೂ ತಲಿ ಎತ್ಲಿಲ್ಲೆ. ಆಚಿ ಬದಿಯಂಗ್ ಬೇರೆಯವ್ರ್ ಬಂದ್ ಬಾ ಅಂದ್ರೆ, ನಂಗ್ ಗೊತ್ತಾಪ್ದ್ ಹ್ಯಾಂಗೆ?”

ಆ ಮನುಷ್ಯನ ಜೊತೆ ಅವರು ಅರ್ಧ ಶತಮಾನ ಸಂಸಾರ ಮಾಡಿದರು, ಮಕ್ಕಳನ್ನು ಹೆತ್ತರು, ಕೊನೆಗೆ ಅವರ ಬಾಯಿಗೆ ನೀರು ಬಿಟ್ಟರು. ಅದೆಲ್ಲ ಇನ್ನೂ ಆಗಬೇಕಿತ್ತು, ಅಥವಾ ಆಗಿಯೇ ಇರಲಿಲ್ಲ. ಈಗ ಅವರಿಗಿದ್ದದ್ದು ಒಂದು ಹೊಳೆ, ಆಚೆ ದಡದಲ್ಲಿ ಮುಖ ಗೊತ್ತಿಲ್ಲದ ಒಬ್ಬ ಗಂಡು. ನಾನು ಅವರ ಪಾದಕ್ಕೆ ಚಪ್ಪಲಿ ಹಾಕಿದೆ. ಬೇಡ ಎನ್ನಲಿಲ್ಲ.

ಮೇಲೆ ರಸ್ತೆಯಲ್ಲಿ ಸ್ಕೂಟರು ನಿಂತ ಸದ್ದಾಯಿತು. ನನ್ನ ಗಂಡ ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದು, ಇಳಿಜಾರಿನಲ್ಲಿ ಜಾರುತ್ತ, ಓಡುತ್ತ ಬಂದರು. ತೀರಿಹೋದ ಮಾವನವರ ಎತ್ತರ, ಅವರದೇ ಮೂಗು. ತಾಯಿ ಜೀವಂತ ಕೂತಿರುವುದನ್ನು ಕಂಡು ಸ್ವಲ್ಪ ದೂರದಲ್ಲೇ ನಿಂತುಬಿಟ್ಟರು. ಕಣ್ಣಲ್ಲಿ ನೀರು. ಆಮೇಲೆ ಕೈ ಚಾಚಿ, ಬಾ, ಹೋಗುವ ಎಂದರು.

ಅತ್ತೆ ಏಳಲಿಲ್ಲ. ಸೆರಗನ್ನು ಇನ್ನೂ ಮುಂದಕ್ಕೆ ಎಳೆದುಕೊಂಡರು. ನನ್ನ ಕೈಯನ್ನು ಹುಡುಕಿ ಗಟ್ಟಿಯಾಗಿ ಹಿಡಿದು, ನನ್ನ ಕಿವಿಯ ಹತ್ತಿರ ಬಾಗಿದರು.

“ಇವ್ರೇ ಅಲ್ದಾ?”

ನನ್ನ ಗಂಡನಿಗೆ ಅದು ಕೇಳಿಸಲಿಲ್ಲ. ನಿಮ್ಮ ಮಗ ಎಂದು ಹೇಳಲು ನಾಲಗೆಯ ತುದಿಯವರೆಗೆ ಬಂದಿತ್ತು. ಅತ್ತೆ ನನ್ನ ಬಾಯನ್ನೇ ನೋಡುತ್ತಿದ್ದರು. ಆ ದಡದಲ್ಲಿ ಅವರಿಗೆ ನಂಬಲು ಇದ್ದವಳು ನಾನೊಬ್ಬಳೇ, ನಾನು ಯಾರೆಂದೂ ಅವರಿಗೆ ಗೊತ್ತಿರಲಿಲ್ಲ.

“ಹೌದ್, ಇವ್ರೇ,” ಎಂದೆ.

ಅತ್ತೆ ನನ್ನ ಕೈ ಬಿಟ್ಟು ಎದ್ದು, ಅವರ ಹಿಂದೆ ಹೊರಟರು.